320 ವ್ಯಾಟಿನ ಹಳೆಯದೋ, 200 ವ್ಯಾಟಿನ ಹೊಸದೋ?

ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆಗೆ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆರ್‌ಟಿಎಕ್ಸ್ 4070 ಬಂದದ್ದು 2023ರ ಏಪ್ರಿಲ್‌ನಲ್ಲಿ. ಹೆಚ್ಚಿನ ಗೇಮ್‌ಗಳಲ್ಲಿ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ಆದರೆ ಹಳೆಯದಕ್ಕೆ 320 ವ್ಯಾಟ್ ಬೇಕು, ಹೊಸದಕ್ಕೆ 200 ಸಾಕು. ಸೆಕೆಂಡ್ ಹ್ಯಾಂಡ್ 3080 ಅಗ್ಗಕ್ಕೆ ಸಿಕ್ಕರೆ ಬಿಡಬೇಕೇ, ಕೊಳ್ಳಬೇಕೇ?

ಮೊದಲು ಈ 120 ವ್ಯಾಟ್ ಎಲ್ಲಿ ಉಳಿಯಿತು ಎಂಬುದನ್ನು ನೋಡಬೇಕು. 3080ರ ಚಿಪ್ಪನ್ನು ಸ್ಯಾಮ್‌ಸಂಗ್ ತನ್ನ 8 ನ್ಯಾನೊಮೀಟರ್ ತಂತ್ರದಲ್ಲಿ ತಯಾರಿಸಿತು. ಅದರ ವಿಸ್ತೀರ್ಣ 628 ಚದರ ಮಿಲಿಮೀಟರ್, ಅದರಲ್ಲಿರುವ ಟ್ರಾನ್ಸಿಸ್ಟರ್‌ಗಳು 2,830 ಕೋಟಿ. ತೈವಾನಿನ ಟಿಎಸ್‌ಎಂಸಿ ತಯಾರಿಸಿದ 4070ರ ಚಿಪ್ಪು ಅದರ ಅರ್ಧದಷ್ಟೂ ಇಲ್ಲ. ಆದರೂ 3,580 ಕೋಟಿ ಟ್ರಾನ್ಸಿಸ್ಟರ್‌ಗಳು ಅದರಲ್ಲಿ ಹಿಡಿಸಿವೆ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಒಮ್ಮೆ ತೆರೆದು ಮುಚ್ಚಲು ಅದಕ್ಕೆ ಬೇಕಾಗುವ ಶಕ್ತಿ ಕಡಿಮೆ. ಹೀಗಾಗಿ 3080ರಲ್ಲಿ 8,704 ಕೋರ್‌ಗಳು ಮಾಡುವ ಕೆಲಸವನ್ನು 4070ರ 5,888 ಕೋರ್‌ಗಳು ಹೆಚ್ಚು ಗಿಗಾಹರ್ಟ್ಸ್‌ನಲ್ಲಿ ಓಡಿ ಮುಗಿಸುತ್ತವೆ.

ಇನ್ನೊಂದು ಗುಟ್ಟು ಮೆಮೊರಿಯಲ್ಲಿದೆ. 3080 ಸೆಕೆಂಡಿಗೆ 760 ಗಿಗಾಬೈಟ್ ದತ್ತಾಂಶವನ್ನು ಮೆಮೊರಿಯಿಂದ ಎಳೆದುಕೊಳ್ಳಬಲ್ಲದು, 4070 ಕೇವಲ 504. ಕಾಗದದ ಮೇಲೆ ಇದು ಹಿನ್ನಡೆ. ಆದರೆ ಚಿಪ್ಪಿನೊಳಗೇ ಇರುವ ಎರಡನೇ ಹಂತದ ಕ್ಯಾಶ್ 3080ರಲ್ಲಿ 5 ಮೆಗಾಬೈಟ್ ಇದ್ದರೆ 4070ರಲ್ಲಿ 36. ಅಡುಗೆಮನೆಯ ಡಬ್ಬಿ ದೊಡ್ಡದಿದ್ದರೆ ಬೇಳೆಗೆಂದು ಪದೇಪದೇ ಅಂಗಡಿಗೆ ಓಡಬೇಕಿಲ್ಲ. ಚಿಪ್ಪಿನಿಂದ ಹೊರಗಿನ ಮೆಮೊರಿಗೆ ಹೋಗಿಬರುವುದು ಬಹಳ ದುಬಾರಿ ಕೆಲಸವಾದ್ದರಿಂದ ವಿದ್ಯುತ್ತಿನ ಉಳಿತಾಯ ಇಲ್ಲೂ ಆಗುತ್ತದೆ.

4ಕೆ ಪರದೆಯ ಭಾರಕ್ಕೆ ಮಾತ್ರ ಆ ಕ್ಯಾಶ್ ಸಾಲದು. ಅಲ್ಲಿ 3080 ಮತ್ತೆ ಮುಂದೆ ಬರುವುದುಂಟು. ಮನೆಯ ಕಂಪ್ಯೂಟರಿನಲ್ಲೇ ಭಾಷಾ ಮಾದರಿಗಳನ್ನು ಓಡಿಸುವವರಿಗೂ ಮೆಮೊರಿಯ ಈ ವೇಗ ಮುಖ್ಯ. ಒಂದೊಂದು ಪದ ಹೊರಬರಲೂ ಇಡೀ ಮಾದರಿಯನ್ನು ಮೆಮೊರಿಯಿಂದ ಓದಬೇಕು. ಮಾದರಿ 10 ಗಿಗಾಬೈಟಿನೊಳಗೆ ಕೂತರೆ 3080 ಚುರುಕು, ತುಸು ದೊಡ್ಡದಾದರೆ 12 ಗಿಗಾಬೈಟಿನ 4070ಯೇ ಗತಿ. ವಿಡಿಯೊ ಮಾಡುವವರಿಗಂತೂ ಹೊಸದೇ ಸರಿ: ಎವಿ1 ವಿಡಿಯೊ ತಯಾರಿಸುವ ಯಂತ್ರಾಂಗ 3080ರಲ್ಲಿ ಇಲ್ಲವೇ ಇಲ್ಲ.

ಇನ್ನು ಕರೆಂಟ್ ಬಿಲ್. ದಿನಕ್ಕೆ 4 ಗಂಟೆ ಪೂರ್ಣ ಭಾರದಲ್ಲಿ ಆಡಿದರೆ 120 ವ್ಯಾಟಿನ ವ್ಯತ್ಯಾಸ ವರ್ಷಕ್ಕೆ ಸುಮಾರು 175 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಸಾವಿರದ ಆಸುಪಾಸು. ಎರಡು ಕಾರ್ಡ್‌ಗಳ ಬೆಲೆಯ ಅಂತರ ದೊಡ್ಡದಿದ್ದರೆ ಅದನ್ನು ಬಿಲ್ಲಿನ ಉಳಿತಾಯ ಬೇಗ ತುಂಬಿಕೊಡುವುದಿಲ್ಲ. ಆದರೆ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಫಲಾನುಭವಿಗಳ ಲೆಕ್ಕವೇ ಬೇರೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ ಕಟ್ಟಬೇಕಾದ್ದರಿಂದ, 190ರಲ್ಲಿರುವ ಮನೆಗೆ ತಿಂಗಳಿಗೆ ಬೀಳುವ ಈ 15 ಯೂನಿಟ್ ಸಣ್ಣದಲ್ಲ. ಯುಪಿಎಸ್ ಕಡೆಗೂ ಗಮನವಿರಲಿ. ಮನೆಗಳಲ್ಲಿ ಕಾಣುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಅದರಲ್ಲಿ 320ನ್ನು ಕಾರ್ಡೊಂದೇ ನುಂಗಿದರೆ ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆರಿಹೋಗಬಹುದು. ಎಸ್‌ಎಂಪಿಎಸ್ ಕೂಡ 750 ವ್ಯಾಟಿನದು ಇರಲಿ ಎಂಬುದು ಎನ್‌ವಿಡಿಯಾದ್ದೇ ಸಲಹೆ. 4070ಗೆ 650 ಸಾಕು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಪರಿಚಯದವರ ಬಳಿಯೋ ಹಳೆಯ 3080 ಕೊಳ್ಳುವವರು ಅದರ ಪೂರ್ವಾಪರ ವಿಚಾರಿಸಲೇಬೇಕು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ವ್ಯವಸ್ಥೆಯನ್ನು ಬದಲಿಸುವವರೆಗೆ, ಆ ನಾಣ್ಯದ ಗಣಿಗಾರಿಕೆಯಲ್ಲಿ ಇಂಥ ಕಾರ್ಡ್‌ಗಳು ಹಗಲಿರುಳು ದುಡಿದವು. ಹೆಚ್ಚು ಬೆಂದದ್ದು ಚಿಪ್ಪಲ್ಲ, ಅದರ ಸುತ್ತಲಿನ ಮೆಮೊರಿ; ಅದರ ಶಾಖ 100 ಡಿಗ್ರಿ ದಾಟುತ್ತಿತ್ತು. ಕಾರ್ಡನ್ನು ಕೈಗೆತ್ತಿಕೊಂಡು ಅಂಚಿನಲ್ಲಿ ನೋಡಿ: ಥರ್ಮಲ್ ಪ್ಯಾಡಿನಿಂದ ಒಸರಿದ ಎಣ್ಣೆಯ ಜಿಡ್ಡು ಇದೆಯೇ? ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಸಡಿಲವಿದೆಯೇ? ಬಳಿಕ ಅರ್ಧ ಗಂಟೆ ಗೇಮ್ ಓಡಿಸಿ ಮೆಮೊರಿಯ ಉಷ್ಣತೆ ನೋಡದೆ ಹಣ ಕೊಡಬಾರದು.

ಹೊಸದಾಗಿ ಕೊಳ್ಳುವವರಿಗೆ, ಬೆಲೆಯ ಅಂತರ ತೀರಾ ಹೆಚ್ಚಿಲ್ಲದಿದ್ದರೆ, 4070ರಂಥ ತಣ್ಣಗಿನ ಕಾರ್ಡೇ ಒಳ್ಳೆಯದು. ಆದರೆ 3080 ಈಗಾಗಲೇ ಮನೆಯಲ್ಲಿದ್ದರೆ ಮಾರುವ ಅಗತ್ಯವಿಲ್ಲ. ಚಿಪ್ಪಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಉಚಿತವಾಗಿ ಸಿಗುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ 1 ವೋಲ್ಟನ್ನು 0.85ಕ್ಕೆ ಇಳಿಸಿದರೆ, ಅದೇ ವೇಗದಲ್ಲಿ ಟ್ರಾನ್ಸಿಸ್ಟರ್‌ಗಳು ಉರಿಸುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಎಲ್ಲ ಚಿಪ್ಪೂ ಅಷ್ಟು ಇಳಿತ ತಾಳುವುದಿಲ್ಲ. ಗೇಮ್ ನಡುವೆ ನಿಂತುಹೋದರೆ ವೋಲ್ಟೇಜನ್ನು ತುಸು ಏರಿಸಿ ಮತ್ತೆ ಓಡಿಸಿ ನೋಡಬೇಕು.