ಕತ್ತರಿ ಕಾಲಿನ ಲೆಕ್ಕ

ಡೊಂಬಿವಲಿ ಎಂಐಡಿಸಿ ಕಡೆ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಮಾಡುವ ಓದುಗರೊಬ್ಬರ ಪ್ರಶ್ನೆ ಇದು: "ಭಿವಂಡಿಯ ಗೋಡೌನು, ಮಹಾಪೆ-ರಬಾಳೆಯ ಡೇಟಾ ಸೆಂಟರು, ಠಾಣೆಯ ಮಾಲು, ಎಲ್ಲ ಕಡೆಯೂ ಈಗ ಏಣಿ, ಘೋಡಾ ಒಳಗೆ ಬಿಡುವುದಿಲ್ಲ, ಸಿಸರ್ ಲಿಫ್ಟ್ ತನ್ನಿ ಅನ್ನುತ್ತಾರೆ. ಬಾಡಿಗೆಗೆ ತರುವುದಾ, ಒಂದು ಕೊಂಡೇ ಬಿಡುವುದಾ? ಕೊಳ್ಳುವುದಾದರೆ ಯಾವ ಕಂಪನಿಯದು ಒಳ್ಳೆಯದು?"

ಕಂಪನಿಯ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಯಂತ್ರದ ಮೂಳೆ ಎಲ್ಲ ಕಂಪನಿಗಳದ್ದೂ ಒಂದೇ. ಆ ಮೂಳೆ ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಯಾವ ಪ್ರಶ್ನೆ ಕೇಳಬೇಕು, ಯಾವ ಮಾತನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮುಂಬೈಯ ಹಳೆಯ ಕಟ್ಟಡಗಳ ಲಿಫ್ಟಿಗೆ, ಅಂಗಡಿಗಳ ಬಾಗಿಲಿಗೆ ಇರುವ ಜಾಲಿ ಗೇಟನ್ನು ನೆನಪಿಸಿಕೊಳ್ಳಿ. ಅಡ್ಡಡ್ಡ ಕೂಡಿಸಿದ ಪಟ್ಟಿಗಳು, ನಡುವೆ ರಿವೆಟ್ಟು. ಎಳೆದರೆ ಬಾಗಿಲಗಲಕ್ಕೆ ಹರಡುತ್ತದೆ, ತಳ್ಳಿದರೆ ಒಂದು ಮೂಲೆಗೆ ಮುದುಡಿ ನಿಲ್ಲುತ್ತದೆ. ಹರಡುವಾಗ ಪಟ್ಟಿಗಳ ತುದಿ ತಮ್ಮ ಸಂದಿನಲ್ಲಿ ನಾಲ್ಕಾರು ಇಂಚು ಮಾತ್ರ ಜಾರುತ್ತದೆ, ಗೇಟು ಮಾತ್ರ ನಾಲ್ಕಾರು ಅಡಿ ಸಾಗಿರುತ್ತದೆ. ಈ ಗೇಟನ್ನು ಕಿತ್ತು ನೆಟ್ಟಗೆ ನಿಲ್ಲಿಸಿ, ಎರಡು ಗೇಟು ಅಕ್ಕಪಕ್ಕ ಇಟ್ಟು, ಮೇಲೊಂದು ಹಲಗೆ ಹಾಸಿ. ಅದೇ ಸಿಸರ್ ಲಿಫ್ಟ್. ಮುದುಡಿದಾಗ ಆಳೆತ್ತರ, ಹರಡಿದಾಗ ಎರಡು ಮಹಡಿ.

ಈಗ ಮುದುಡಿದ ಗೇಟನ್ನು ಹಿಡಿಕೆ ಮುಟ್ಟದೆ, ಬರೀ ಪಟ್ಟಿಗಳ ತುದಿಯನ್ನು ಒತ್ತಿ ತೆರೆಯುವುದನ್ನು ಊಹಿಸಿ. ಬೆರಳು ನೋಯುತ್ತದೆ, ಗೇಟು ಅಲುಗುವುದಿಲ್ಲ. ಸ್ವಲ್ಪ ಹರಡಿದ ಮೇಲೆ ಅದೇ ಒತ್ತುವಿಕೆ ಹಗುರವಾಗುತ್ತದೆ. ಕಡಿಮೆ ಜಾರಿ ಹೆಚ್ಚು ದೂರ ಸಾಗುವ ಸೌಲಭ್ಯಕ್ಕೆ ಬಲದ ರೂಪದಲ್ಲಿ ಬೆಲೆ ತೆರಲೇಬೇಕು. ಆ ಬೆಲೆ ಅತಿ ಹೆಚ್ಚಿರುವುದು ಮೊದಲ ಗಳಿಗೆಯಲ್ಲಿ. ಲೆಕ್ಕ ಸರಳ: ತಳದಲ್ಲಿ ಅಡ್ಡಕ್ಕೆ ನೂಕಬೇಕಾದ ಬಲ ಎಂದರೆ ಮೇಲಿನ ಭಾರವನ್ನು ಕತ್ತರಿ ಜೋಡಿಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ ತೋಳು ನೆಲದೊಂದಿಗೆ ಮಾಡುವ ಕೋನದ ಕಾಟ್‌ನಿಂದ ಗುಣಿಸಿದ್ದು. ಶಾಲೆಯಲ್ಲಿ ಕಲಿತ ತ್ರಿಕೋನಮಿತಿಯ ಕಾಟ್ ಅದೇ. ನಾಲ್ಕು ಜೋಡಿಯ ಯಂತ್ರದ ಮೇಲೆ 227 ಕಿಲೊ ಇದೆ ಎನ್ನಿ. ಕೋನ 45 ಡಿಗ್ರಿ ಇದ್ದಾಗ ಸುಮಾರು 900 ಕಿಲೊ ಬಲ ಸಾಕು. 60 ಡಿಗ್ರಿಯಲ್ಲಿ 520. ಆದರೆ ಮಲಗಿದ ತೋಳು ಏಳಲು ಹೊರಟಾಗ, 10 ಡಿಗ್ರಿಯಲ್ಲಿ, ಐದು ಟನ್ನಿಗೂ ಹೆಚ್ಚು! ತೋಳುಗಳ ಸ್ವಂತ ಭಾರವನ್ನು ಇದರಲ್ಲಿ ಸೇರಿಸಿಲ್ಲ.

ಅದಕ್ಕೇ ಕಂಪನಿಗಳು ಸಾಮಾನ್ಯವಾಗಿ ಹೈಡ್ರಾಲಿಕ್ ಸಿಲಿಂಡರನ್ನು ನೆಲಕ್ಕೆ ಸಮನಾಗಿ ಮಲಗಿಸುವುದಿಲ್ಲ. ತೋಳುಗಳ ನಡುವೆ ಓರೆಯಾಗಿ ಸಿಕ್ಕಿಸುತ್ತಾರೆ. ಆಗ ಆರಂಭದ ಹೊರೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಬ್ರ್ಯಾಂಡುಗಳ ನಡುವಿನ ನಿಜವಾದ ಎಂಜಿನಿಯರಿಂಗ್ ವ್ಯತ್ಯಾಸ ಇರುವುದು ಇಂಥಲ್ಲಿ: ಸಿಲಿಂಡರನ್ನು ಎಲ್ಲಿ ಕೂರಿಸಿದರು, ಪಿನ್ನುಗಳ ಬುಶ್ ಎಂಥದ್ದು, ತೋಳಿನ ಉಕ್ಕು ಎಷ್ಟು ಬಿಗಿ. ಬಣ್ಣದ ಕರಪತ್ರದಲ್ಲಿ ಇದರ ಒಂದು ಸಾಲೂ ಇರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಈ ಜೋಡಣೆಯ ಇತಿಹಾಸ ಸೊಗಸಾಗಿದೆ. 1603ರಲ್ಲಿ ಕ್ರಿಸ್ಟೊಫ್ ಶೈನರ್ ಎಂಬ ಜರ್ಮನ್ ಜೆಸ್ಯೂಟ್ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ನಕಲು ಮಾಡಲು ಕೀಲುಪಟ್ಟಿಗಳ ಉಪಕರಣ ಮಾಡಿದ. ಅದೇ ಪ್ಯಾಂಟೋಗ್ರಾಫ್. ಅದರ ಬಗ್ಗೆ ಪುಸ್ತಕವನ್ನು ಅಚ್ಚು ಹಾಕಿಸಿದ್ದು 1631ರಲ್ಲಿ. ಸೂರ್ಯನ ಕಲೆಗಳ ವಿಷಯದಲ್ಲಿ ಗೆಲಿಲಿಯೊ ಜೊತೆ ಜಗಳ ಕಾದವನೂ ಇವನೇ. ಡೊಂಬಿವಲಿಯ ನಾವು ದಿನಾ ಹತ್ತುವ ಲೋಕಲ್‌ನ ಮಾಡಿನ ಮೇಲೆ ತಂತಿಯನ್ನು ಒತ್ತಿ ಹಿಡಿದಿರುವ ಮಡಚು ತೋಳಿಗೂ ಶೈನರ್‌ನ ಉಪಕರಣದ ಹೆಸರೇ ಉಳಿದಿದೆ. ಚಿತ್ರ ಬರೆಯುವ ಪಟ್ಟಿಗಳಿಂದ ಮನುಷ್ಯರನ್ನು ಎತ್ತುವ ಯಂತ್ರಕ್ಕೆ ಬರಲು ಮೂರೂವರೆ ಶತಮಾನ ಬೇಕಾಯಿತು, ಏಕೆಂದರೆ ಮಲಗಿದ ತೋಳನ್ನು ಎಬ್ಬಿಸುವ ಆ ಐದು ಟನ್ ಬಲಕ್ಕೆ ಅಗ್ಗದ, ನಂಬಿಕಸ್ಥ ಹೈಡ್ರಾಲಿಕ್ ಪಂಪು ಬರಬೇಕಿತ್ತು.

ಕಂಪನಿಗಳೂ ಆಮೇಲೆ ಬಂದವೇ. ಅಮೆರಿಕದ ಜಿನೀ 1966ರಲ್ಲಿ, ಒತ್ತಿದ ಗಾಳಿಯಿಂದ ಸಾಮಾನು ಎತ್ತುವ ಯಂತ್ರದಿಂದ ಶುರುವಾಯಿತು. 2002ರಲ್ಲಿ ಟೆರೆಕ್ಸ್ ಪಾಲಾಯಿತು. ಜಾನ್ ಎಲ್. ಗ್ರೋವ್ 1969ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಜೆಎಲ್‌ಜಿ ಈಗ ಆಶ್‌ಕಾಶ್ ಕೈಯಲ್ಲಿದೆ. ಕೆನಡಾದ ಸ್ಕೈಜ್ಯಾಕ್ 1985ರದು. ಫ್ರಾನ್ಸಿನ ಹೌಲೊಟ್, ಚೀನಾದ ಝೆಜಿಯಾಂಗ್ ಪ್ರಾಂತದ ಡಿಂಗ್ಲಿ ಬೇರೆ. ಇವಿಷ್ಟೂ ಗಟ್ಟಿ ಕಂಪನಿಗಳು. ಸಣ್ಣ ಮೈಯ ಒಳಾಂಗಣ ಯಂತ್ರದ ಮಟ್ಟಿಗೆ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಲು ನನಗೆ ಕಾರಣ ಕಾಣುವುದಿಲ್ಲ.

ಹೋಲಿಸಲು ಹೊರಟವರು ಮೊದಲು ಎಡವುವುದು ಮಾಡೆಲ್ ಸಂಖ್ಯೆಯಲ್ಲಿ. ಜಿನೀಯ ಜಿಎಸ್-1930 ಎಂದರೆ ನಿಲ್ಲುವ ಹಲಗೆ 19 ಅಡಿ ಏರುತ್ತದೆ, ಯಂತ್ರದ ಅಗಲ 30 ಇಂಚು. ಜೆಎಲ್‌ಜಿಯ 1930ಇಎಸ್ ಕೂಡ ಹಾಗೇ. ಸ್ಕೈಜ್ಯಾಕ್‌ನ 3219 ಅದೇ ವರ್ಗದ ಯಂತ್ರ, ಆದರೆ ಅಂಕಿ ತಿರುವುಮುರುವು: 32 ಇಂಚು ಅಗಲ, 19 ಅಡಿ ಎತ್ತರ. ಹೌಲೊಟ್‌ನ ಕಾಂಪ್ಯಾಕ್ಟ್ 12ರಲ್ಲಿ 12 ಎಂಬುದು ಮೀಟರ್, ಅದೂ ಹಲಗೆಯ ಎತ್ತರ ಅಲ್ಲ, ಕೆಲಸದ ಎತ್ತರ. ಹಲಗೆಯ ಎತ್ತರಕ್ಕೆ ಮನುಷ್ಯನ ಕೈ ನಿಲುಕುವ ಎರಡು ಮೀಟರ್ ಕೂಡಿಸಿದರೆ ಕೆಲಸದ ಎತ್ತರ ಬರುತ್ತದೆ. ಹೀಗೆ ನೋಡಿದರೆ ಜಿನೀಯ 3246 (32 ಅಡಿ, ಅಂದರೆ 9.75 ಮೀಟರ್, ಜೊತೆಗೆ 2) ಮತ್ತು ಹೌಲೊಟ್‌ನ 12 ಹೆಚ್ಚುಕಡಿಮೆ ಒಂದೇ ಎತ್ತರದವು. 3219 ಕೇಳಿ 32 ಅಡಿ ಅಂದುಕೊಂಡು ತರಿಸಿದವರು ಗೋಡೌನಿನ ಮಾಡಿಗೆ ಇನ್ನೂ ನಾಲ್ಕು ಮೀಟರ್ ಕೆಳಗೇ ನಿಂತಿರುತ್ತಾರೆ. ಅಗಲವನ್ನೂ ಬಾಗಿಲಿಗೆ ಹೋಲಿಸಬೇಕು: 30 ಇಂಚಿನದು ಮೂರಡಿ ಬಾಗಿಲಲ್ಲಿ ನುಸುಳುತ್ತದೆ, 46 ಇಂಚಿನದಕ್ಕೆ ಜೋಡಿ ಬಾಗಿಲೇ ಬೇಕು.

ಎತ್ತರಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ನೆಲದ ಬಗ್ಗೆ. ಜಿಎಸ್-1930ರ ಭಾರ ಸುಮಾರು ಒಂದೂವರೆ ಟನ್. ಇಬ್ಬರು ಜನ, ಸಾಮಾನು ಸೇರಿದರೆ 1,700 ಕಿಲೊ. ಇಷ್ಟೂ ಒಂದೂವರೆ ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ, ನಾಲ್ಕು ಗಟ್ಟಿ ರಬ್ಬರ್ ಚಕ್ರಗಳ ಮೂಲಕ ಕೂರುತ್ತದೆ. ಅಂದರೆ ಚದರ ಮೀಟರಿಗೆ 1,200 ಕಿಲೊ. ವಾಸದ ಮನೆಯ ಸ್ಲ್ಯಾಬಿಗೆ ನಮ್ಮ ಐಎಸ್ 875 ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೊನ್ಯೂಟನ್, ಸುಮಾರು 200 ಕಿಲೊ. ಎರಡು ಅಂಕಿಗಳನ್ನು ನೇರ ಹೋಲಿಸುವುದು ಪೂರ್ತಿ ಸರಿಯಲ್ಲ. ಒಂದೇ ಕಡೆ ಬಿದ್ದ ಭಾರವನ್ನು ಸ್ಲ್ಯಾಬು ಸುತ್ತ ಹಂಚಿಕೊಳ್ಳುತ್ತದೆ. ಆದರೂ ಘೋಡ್‌ಬಂದರ್ ರಸ್ತೆಯ, ಪಲಾವಾದ ಹೊಸ ಸೊಸೈಟಿಗಳಲ್ಲಿ ನಾವು ಅಂಗಳ ಎಂದುಕೊಳ್ಳುವುದು ಎಷ್ಟೋ ಸಲ ಪಾರ್ಕಿಂಗಿನ ಮಾಡು. ಕ್ಲಬ್‌ಹೌಸಿನ ದೀಪ ಬದಲಿಸಲು ಯಂತ್ರ ತರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರರ ಒಂದು ಸಹಿ ಇರಲಿ.

ನೆಲ ಮಟ್ಟಸವೂ ಇರಬೇಕು. ಅದೇ 1930 ಪಕ್ಕಕ್ಕೆ 1.5 ಡಿಗ್ರಿ ವಾಲಿದರೆ ಸೆನ್ಸರ್ ಕೂಗಿ ಎತ್ತುವುದನ್ನು ನಿಲ್ಲಿಸುತ್ತದೆ. ಒಂದೂವರೆ ಡಿಗ್ರಿ ಎಂದರೆ 76 ಸೆಂಟಿಮೀಟರ್ ಅಗಲಕ್ಕೆ ಬರೀ 2 ಸೆಂಟಿಮೀಟರ್ ಏರುಪೇರು. ಕಲ್ಯಾಣದಲ್ಲಿ ಒಂದು ಮಳೆಗಾಲ ಕಳೆದ ಪೇವರ್ ಬ್ಲಾಕಿನ ಅಂಗಳದಲ್ಲಿ ಇಷ್ಟು ಏರುಪೇರು ಹೆಜ್ಜೆಗೊಂದು ಸಿಗುತ್ತದೆ. ಅಷ್ಟು ವಾಲಿದಾಗ 19 ಅಡಿ ಮೇಲಿನ ಹಲಗೆ ಪಕ್ಕಕ್ಕೆ 15 ಸೆಂಟಿಮೀಟರ್ ಸರಿದಿರುತ್ತದೆ. ಅದರ ಮೇಲೆ ಜನ ಕಟಕಟೆಗೆ ಒರಗಿ ಡ್ರಿಲ್ ಒತ್ತುತ್ತಾರೆ. ಸೆನ್ಸರ್ ಕಿರಿಕಿರಿ ಮಾಡುತ್ತದೆ ಎಂದು ಅದರ ತಂತಿ ಕಿತ್ತಿಟ್ಟ ಯಂತ್ರವನ್ನು ಯಾರಾದರೂ ಅಗ್ಗದ ಬಾಡಿಗೆಗೆ ಕೊಟ್ಟರೆ ಒಳಗೆ ಬಿಡಬೇಡಿ.

ಹೊರಗಿನ ಕೆಲಸ ಬೇರೆಯೇ ಮಾತು. ಜಿಎಸ್-1930ರ ಫಲಕದಲ್ಲಿ ಒಳಗೆ ಇಬ್ಬರು, ಹೊರಗೆ ಒಬ್ಬರು ಎಂದಿರುತ್ತದೆ. ಕಾರಣ ಗಾಳಿ. ಯುರೋಪಿನ ಇಎನ್ 280 ಮಾನಕದಲ್ಲಿ ಹೊರಾಂಗಣ ಯಂತ್ರಕ್ಕೆ ಹಿಡಿದಿರುವ ಗಾಳಿ ಸೆಕೆಂಡಿಗೆ 12.5 ಮೀಟರ್, ಗಂಟೆಗೆ 45 ಕಿಲೊಮೀಟರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. 45 ಕಿಲೊಮೀಟರ್ ಗಾಳಿಯಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಬಲ ಸುಮಾರು 96 ನ್ಯೂಟನ್. ಕಟಕಟೆಗೆ ಎರಡು ಚದರ ಮೀಟರಿನ ಬ್ಯಾನರ್ ಕಟ್ಟಿದಿರಿ ಎನ್ನಿ, ಸುಮಾರು 190 ನ್ಯೂಟನ್ ಆಯಿತು. ಒಬ್ಬ ಕೆಲಸಗಾರ ಮೇಲಿನಿಂದ ನೂಕಬಹುದೆಂದು ಅದೇ ಮಾನಕ ಹಿಡಿದಿರುವುದು 200 ನ್ಯೂಟನ್. ಅಷ್ಟನ್ನೂ ಬ್ಯಾನರೇ ತಿಂದುಬಿಟ್ಟಿತು.

2010ರ ಅಕ್ಟೋಬರ್ 27ರಂದು ಅಮೆರಿಕದ ನಾಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಅಭ್ಯಾಸದ ವಿಡಿಯೊ ತೆಗೆಯುತ್ತಿದ್ದ ವಿದ್ಯಾರ್ಥಿಯೊಬ್ಬ ಹೀಗೇ ಸಿಸರ್ ಲಿಫ್ಟಿನ ಮೇಲಿದ್ದ. ಗಂಟೆಗೆ 85 ಕಿಲೊಮೀಟರಿನ ಗಾಳಿಗೆ ಯಂತ್ರ ಉರುಳಿ ಅವನು ಸತ್ತ. 45ರ ಮಿತಿಗೆ ಹೋಲಿಸಿದರೆ ಒತ್ತಡ ಮೂರೂವರೆ ಪಟ್ಟು. ನಮ್ಮಲ್ಲೂ ಮೇ ತಿಂಗಳ ಸಂಜೆ ಧೂಳುಗಾಳಿ ಏಳುತ್ತದೆ. 2024ರ ಮೇ 13ರಂದು ಘಾಟ್‌ಕೋಪರಿನ ಹೋರ್ಡಿಂಗ್ ಬಿದ್ದದ್ದು ಅಂಥದ್ದರಲ್ಲೇ. ಅಂಥ ದಿನಗಳಲ್ಲಿ ಹಲಗೆ ಕೆಳಗಿರಬೇಕು, ಕೆಲಸ ನಿಂತರೂ ಸರಿ.

ಇನ್ನು ಬಾಡಿಗೆಯೋ ಖರೀದಿಯೋ. ತಿಂಗಳಲ್ಲಿ ಹೆಚ್ಚಿನ ದಿನ, ವರ್ಷಪೂರ್ತಿ, ಒಂದೇ ಎತ್ತರದ ಕೆಲಸ ಇದ್ದರೆ ಮಾತ್ರ ಕೊಳ್ಳಿ ಎಂದು ನಾನು ಹೇಳುತ್ತೇನೆ. ಇವತ್ತು ಮಾಲಿನಲ್ಲಿ 19 ಅಡಿ, ನಾಳೆ ಭಿವಂಡಿಯಲ್ಲಿ 32 ಅಡಿ ಎನ್ನುವವರಿಗೆ ಬಾಡಿಗೆಯೇ ಸರಿ. ಸಾಗಣೆಯ ಖರ್ಚು, ಕೆಟ್ಟರೆ ಎಷ್ಟು ಗಂಟೆಯೊಳಗೆ ಮೆಕ್ಯಾನಿಕ್ ಬರುತ್ತಾನೆ, ಆಪರೇಟರ್ ಐಪಾಫ್ ಸಂಸ್ಥೆಯ ಪಾಲ್ ಕಾರ್ಡಿನಂಥ ತರಬೇತಿ ಪಡೆದವನೇ, ಇವನ್ನು ಮೊದಲೇ ಬರೆಸಿಕೊಂಡರೆ ಸಾಕು. ಕೊಳ್ಳುವವರು ಬ್ರ್ಯಾಂಡ್ ಆರಿಸಲಿಕ್ಕೂ ಇದೇ ಅಳತೆ ಸಾಕು: ತಳೋಜಾ, ವಾಗ್ಳೆ ಎಸ್ಟೇಟ್ ಎಲ್ಲಿದ್ದರೂ ಅದೇ ದಿನ ಬಿಡಿಭಾಗ ತಂದು ಕೂರಿಸುವವರು ಯಾರಿದ್ದಾರೋ ಅವರ ಯಂತ್ರ.

ಹೈಡ್ರಾಲಿಕ್ ಎಣ್ಣೆಯೇ ಇಲ್ಲದ ಹೊಸ ಯಂತ್ರಗಳ ಪ್ರಚಾರವೂ ಜೋರಾಗಿದೆ. ಜೆಎಲ್‌ಜಿಯ ಡಾವಿಂಚಿ ಇಳಿಯುವಾಗ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಇದನ್ನು ಲೆಕ್ಕ ಹಾಕಿ ನೋಡಬೇಕು. 227 ಕಿಲೊವನ್ನು 4.8 ಮೀಟರ್ ಎತ್ತಲು ಬೇಕಾದ ಶಕ್ತಿ ಬರೀ 3 ವ್ಯಾಟ್-ಗಂಟೆ. ಹಲಗೆ, ತೋಳುಗಳದ್ದೂ ಸೇರಿ 8 ಎಂದಿಟ್ಟುಕೊಳ್ಳಿ, ದಿನಕ್ಕೆ 50 ಸಲ ಏರಿಳಿದರೂ 400. ಅದರ ಅರ್ಧ ವಾಪಸು ಬಂತೆಂದರೆ 200 ವ್ಯಾಟ್-ಗಂಟೆ. ಸಾಮಾನ್ಯ ಯಂತ್ರದ 24 ವೋಲ್ಟ್, 225 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 5,400. ಉಳಿತಾಯ ನಿಜ, ಚಿಕ್ಕದು. ಎಣ್ಣೆ ಸೋರುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಔಷಧ ಕಾರ್ಖಾನೆ, ಡೇಟಾ ಸೆಂಟರುಗಳ ನೆಲಕ್ಕೆ ಅದು ಬೆಲೆಬಾಳುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಕಡೆ ಕಣ್ಣಿಡಬೇಕು. ಮೊದಲನೆಯದು ಪಿನ್ನು. ಸುಮಾರು 70 ಸೆಂಟಿಮೀಟರ್ ಅಂತರದ ಎರಡು ಬದಿಗಳಲ್ಲಿ ಒಂದರ ತಳದಲ್ಲಿ 1 ಮಿಲಿಮೀಟರ್ ಸವೆತ ಇದ್ದರೆ 5.8 ಮೀಟರ್ ಮೇಲೆ ಅದು 8 ಮಿಲಿಮೀಟರ್ ಆಗಿ ತೂಗುತ್ತದೆ, ಮೇಲಿನ ಪ್ರತಿ ಜೋಡಿ ತನ್ನ ಪಾಲನ್ನೂ ಸೇರಿಸುತ್ತದೆ. ಖಾಲಿ ಹಲಗೆಯನ್ನು ನೆಲದ ಕಂಟ್ರೋಲಿನಿಂದ ಪೂರ್ತಿ ಏರಿಸಿ, ನಿಲ್ಲಿಸಿ, ಮತ್ತೆ ಹೊರಡಿಸಿ, ದೂರದಿಂದ ನೋಡಿ. ತೋಳುಗಳ ನಡುವೆ ಕೈ ಹಾಕಬೇಕಿದ್ದರೆ ಸೇಫ್ಟಿ ಆರ್ಮ್ ಸಿಕ್ಕಿಸಿದ ಮೇಲೆಯೇ.

ಎರಡನೆಯದು ಬ್ಯಾಟರಿ. ಸೀಸ-ಆಮ್ಲದ ಬ್ಯಾಟರಿ ಅರೆಚಾರ್ಜಿನಲ್ಲಿ ಸುಮ್ಮನೆ ನಿಂತಷ್ಟೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಕೆಲಸವಿಲ್ಲದ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಮರೆತ ಯಂತ್ರದ ಗಂಟೆ ಮೀಟರ್ ಕಡಿಮೆ ತೋರಿಸುತ್ತದೆ, ಬ್ಯಾಟರಿ ಮಾತ್ರ ಮುದಿಯಾಗಿರುತ್ತದೆ. ಪೂರ್ತಿ ಚಾರ್ಜ್ ಮಾಡಿಸಿ, ಹೈಡ್ರೋಮೀಟರಿನಿಂದ ಒಂದೊಂದೇ ಸೆಲ್ಲಿನ ಆಮ್ಲ ಅಳೆಯಿರಿ. 1.27ರ ಆಸುಪಾಸು ಇದ್ದರೆ ಆರೋಗ್ಯ. ಯಾವುದಾದರೂ ಸೆಲ್ ಉಳಿದವುಗಳಿಗಿಂತ 0.05ರಷ್ಟು ಕೆಳಗಿದ್ದರೆ, ಹೊಸ ಬ್ಯಾಟರಿಗಳ ಪೂರ್ತಿ ಸೆಟ್ಟಿನ ಬೆಲೆಯನ್ನು ಕಳೆದು ಯಂತ್ರದ ರೇಟು ಮಾತಾಡಿ.