ಆಳಿಗೆ ಸಂಬಳವೋ, ಕೆಲಸಕ್ಕೆ ಸಂಬಳವೋ?

ಜಪಾನ್ ದೇಶದ ದೊಡ್ಡ ಕಂಪೆನಿಗಳಲ್ಲಿ ಒಂದು ಪದ್ಧತಿಯುಂಟು. ವ್ಯಾಸಂಗ ಮುಗಿಸಿದ ತರುಣರನ್ನು ಏಪ್ರಿಲ್ ತಿಂಗಳಲ್ಲಿ ಗುಂಪಾಗಿ ಸೇರಿಸಿಕೊಳ್ಳುವರು. ಇಂಥದೇ ಕೆಲಸವೆಂದು ಮೊದಲೇ ಗೊತ್ತುಮಾಡುವುದಿಲ್ಲ. ಸಂಸ್ಥೆಯೇ ಕೆಲಸ ಕಲಿಸುವುದು, ಸಂಸ್ಥೆಯೇ ಊರಿಂದೂರಿಗೆ ವರ್ಗಮಾಡುವುದು. ವಯಸ್ಸಿನೊಡನೆ ಸಂಬಳವೂ ಏರುವುದು. ಕಾರ್ಮಿಕ ವಿಷಯಗಳಲ್ಲಿ ಪಂಡಿತರಾದ ಹಮಗುಚಿ ಕೇಯಿಚಿರೋ ಎಂಬವರು ಇದನ್ನು ಸದಸ್ಯತ್ವದ ಪದ್ಧತಿಯೆಂದು ಕರೆದಿದ್ದಾರೆ. ಈಗ ಅದು ಸಡಿಲುತ್ತಲಿದೆ. ಯಾವ ಕೆಲಸ, ಅದರ ಹೊಣೆಯೆಷ್ಟು ಎಂಬುದನ್ನು ಬರೆದಿಟ್ಟು ಅದರಂತೆ ಸಂಬಳ ಕೊಡುವ ಕ್ರಮವನ್ನು ಫುಜಿಟ್ಸು ಕಂಪೆನಿಯು 2020ರಲ್ಲಿ ಮೇಲಧಿಕಾರಿಗಳಿಗೂ, 2022ರಲ್ಲಿ ಉಳಿದ ನೌಕರರಿಗೂ ಅನ್ವಯಿಸಿತು. ಹಿಟಾಚಿ ಮೊದಲಾದವೂ ಇದೇ ದಾರಿ ಹಿಡಿದಿವೆ.

ಟೋಕಿಯೋ ನಗರದ ಈ ಸುದ್ದಿ ನಮಗೇಕೆಂದು ವಾಚಕರು ಕೇಳಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆಯ ತೋಟಗಳಲ್ಲಿ ಇದನ್ನೇ ಹೋಲುವ ಬದಲಾವಣೆಯು ಸದ್ದಿಲ್ಲದೆ ನಡೆದುಹೋಗಿದೆ.

ಹಿಂದೆ ಮನೆಯ ಆಳೆಂದರೆ ವರ್ಷದ ಆಳು. ಬೇಸಗೆಯಲ್ಲಿ ತೋಟಕ್ಕೆ ಸೊಪ್ಪು ಗೊಬ್ಬರ, ಮಳೆಗಾಲದಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟುವುದು, ಗದ್ದೆಯ ನಾಟಿ, ಆಮೇಲೆ ಕೊಯ್ಲು, ನಡುವೆ ಕೊಟ್ಟಿಗೆಯ ಚಾಕರಿ, ಮದುವೆಯ ಚಪ್ಪರ. ‘ಇದು ನನ್ನ ಕೆಲಸವಲ್ಲ’ ಎನ್ನುವ ಹಾಗಿರಲಿಲ್ಲ. ಪ್ರತಿಯಾಗಿ ಭತ್ತ, ಬಟ್ಟೆ, ಕಂಬಳಿ. ಜ್ವರ ಬಂದರೆ ಒಡೆಯನ ಮನೆಯಿಂದಲೇ ಗಂಜಿ, ಕಷಾಯ. ಇದನ್ನು ಮಾತ್ರ ನೆನೆದು ಹಳೆಯ ಕಾಲವನ್ನು ಹೊಗಳುವವರುಂಟು. ಮದುವೆಗೆಂದು ಒಡೆಯನಿಂದ ಸಾಲ ಪಡೆದು, ತಾನು ತೀರಿಸಲಾರದೆ ಮಗನನ್ನೂ ದುಡಿಮೆಗೆ ಬಿಡಬೇಕಾಗಿದ್ದ ಜೀತವೂ ಅದೇ ಕಾಲದ್ದು. 1976ರ ಕಾಯಿದೆಯು ಅದನ್ನು ನಿಷೇಧಿಸಿತು. ಕಂಬಳಿಯನ್ನು ನೆನೆಯುವವರು ಆ ಸಾಲದ ಪತ್ರವನ್ನೂ ನೆನೆಯತಕ್ಕದ್ದು.

ಈಗ ಒಂದೊಂದು ಕೆಲಸಕ್ಕೂ ಬೇರೆ ಜನ, ಬೇರೆ ದರ. ಕೊನೆಗೌಡನು ಕೊಯ್ಯುವನು, ಹೊರುವವರು ಬೇರೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಬೇರೆ. ಸುಲಿಯುವ ಹೆಂಗಸರಿಗೆ ತೂಕದ ಲೆಕ್ಕ. ಎಷ್ಟೋ ಮನೆಗಳಲ್ಲಿ ಮೆಟ್ಟುಗತ್ತಿಯ ಸ್ಥಾನದಲ್ಲಿ ಯಂತ್ರವೇ ಕುಳಿತಿದೆ. ಹಗುರವಾದ ಕಾರ್ಬನ್ ದೋಟಿ ಬಂದಮೇಲಂತೂ ನೆಲದ ಮೇಲೆ ನಿಂತೇ ಗೊನೆ ಇಳಿಸುವ ತರುಣರು ಮೋಟಾರು ಸೈಕಲಿನಲ್ಲಿ ತೋಟದಿಂದ ತೋಟಕ್ಕೆ ಹೋಗುವರು. ದರ ಒಪ್ಪದಿದ್ದರೆ ಬಾರರು. ಇದರಲ್ಲಿ ತಪ್ಪೇನೂ ಕಾಣದು. ತನ್ನ ವಿದ್ಯೆಗೆ ತಾನೇ ಬೆಲೆ ಹೇಳುವ ಸ್ವಾತಂತ್ರ್ಯ ಉಪಾಧ್ಯಾಯರಿಗೆ ಎಂದೂ ಇರಲಿಲ್ಲ!

ಆದರೆ ಕೂಲಿಯು ಕೆಲಸಕ್ಕೆ ಅಂಟಿಕೊಂಡಾಗ, ಕೆಲಸವಿಲ್ಲದ ದಿನ ಯಾರ ಪಾಲಿನದು? ಆಷಾಢದ ಮಳೆ ಹಿಡಿದರೆ ತೋಟದಿಂದ ಕರೆಯಿಲ್ಲ, ಮಲಗಿದರೆ ಕೇಳುವವರಿಲ್ಲ. ಜಪಾನಿನ ನೌಕರನಿಗೆ ಪದ್ಧತಿ ಬದಲಾದರೂ ತಿಂಗಳ ಸಂಬಳವೂ ಆರೋಗ್ಯವಿಮೆಯೂ ಉಳಿದಿವೆ. ನಮ್ಮ ಕೊನೆಗೌಡನಿಗೆ ಆ ತಿಂಗಳ ಸಂಬಳವೇ ಇಲ್ಲ.

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭೃತಕರ ವಿಚಾರವಾಗಿ ಒಂದು ಪ್ರಕರಣವಿದೆ. ಕೂಲಿಯನ್ನು ಮೊದಲೇ ಮಾತಾಡಿರದಿದ್ದರೆ ಕೆಲಸ, ಕಾಲ ಎರಡನ್ನೂ ನೋಡಿ ಕೊಡಬೇಕು. ವ್ಯಾಧಿಯಿಂದಲೋ ವಿಪತ್ತಿನಿಂದಲೋ ಕೈಲಾಗದವನಿಗೆ ವಿನಾಯಿತಿಯುಂಟು, ಅಥವಾ ಅವನು ಬೇರೊಬ್ಬನಿಂದ ಮಾಡಿಸಬಹುದು ಎಂದು ಅಲ್ಲಿ ವಿಧಿಸಿದೆ. ಕೆಲಸದಿಂದ ವಿನಾಯಿತಿಯೇನೋ ಸರಿ. ಆ ದಿನದ ಅನ್ನದ ಮಾತು ಆ ವಿಧಿಯಲ್ಲಿಲ್ಲ.

ಮನೆಯ ಯಜಮಾನಿಯರು ಮಾಡಬಹುದಾದದ್ದು ಒಂದುಂಟು. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ 18ರಿಂದ 70 ವರ್ಷದವರೆಗಿನವರು ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಮೃತಪಟ್ಟಲ್ಲಿ ಮನೆಯವರಿಗೆ 2 ಲಕ್ಷ ರೂಪಾಯಿ ದೊರೆಯುವುದು. ಕೊಯ್ಲಿನ ದರ ಮಾತಾಡುವ ದಿನವೇ ಅದನ್ನು ವಿಚಾರಿಸಿ, ಕಟ್ಟಿಲ್ಲದಿದ್ದರೆ ಕಟ್ಟಿಸಬಹುದು. ಜ್ವರದ ದಿನಗಳ ಕೂಲಿಗೆ ಅದರಲ್ಲಿ ಅವಕಾಶವಿಲ್ಲ. ಅದನ್ನು ದರದೊಳಗೇ ಸೇರಿಸಿ ಮಾತಾಡಬೇಕಾಗುವುದು.