ಭಾನುವಾರ ಬಡಬಡಿಸುವ ಆಫೀಸ್ ಫೋನು

ಇಂಟರ್ನೆಟ್ ಫೋನ್ ಎಂದೊಡನೆ ಯಾರೋ ಕದ್ದು ಕೇಳುತ್ತಾರೆಂಬ ಅಂಜಿಕೆ. ಆದರೆ ಸಣ್ಣ ಆಫೀಸುಗಳ ಜೇಬಿಗೆ ಕತ್ತರಿ ಬೀಳುವುದು ಹೆಚ್ಚಾಗಿ ಇನ್ನೊಂದು ದಾರಿಯಲ್ಲಿ: ಲೈನು ನಿಮ್ಮದು, ಬಿಲ್ಲು ನಿಮ್ಮದು, ವಿದೇಶಕ್ಕೆ ಕರೆ ಮಾಡುವವನು ಮಾತ್ರ ಬೇರೆ.

ಆಸ್ಟರಿಸ್ಕ್‌ನಂಥ ತಂತ್ರಾಂಶದಿಂದ ನಡೆಯುವ ಐಪಿ ಪಿಬಿಎಕ್ಸ್, ಅಂದರೆ ಆಫೀಸಿನೊಳಗಿನ ಇಂಟರ್ನೆಟ್ ಫೋನ್ ಎಕ್ಸ್‌ಚೇಂಜ್, ಕರೆ ಜೋಡಿಸಲು ಎಸ್‌ಐಪಿ ನಿಯಮಾವಳಿಯನ್ನು ಬಳಸುತ್ತದೆ. ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ. ಅದನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ತಡಕಾಡುವ ಪ್ರೋಗ್ರಾಮುಗಳು ಮುತ್ತಿಕೊಳ್ಳುತ್ತವೆ. ಲಾಗ್ ತೆರೆದು ನೋಡಿ: 100, 101, 102 ಎಂದು ಒಂದೊಂದೇ ಎಕ್ಸ್‌ಟೆನ್ಷನ್ ತಟ್ಟುತ್ತಾ ಹೋದ ಗುರುತು, ತಪ್ಪು ಪಾಸ್‌ವರ್ಡಿನ ಸಾಲುಸಾಲು. ಕೆಲವು ತಮ್ಮನ್ನು ‘ಫ್ರೆಂಡ್ಲಿ ಸ್ಕ್ಯಾನರ್’ ಎಂದು ಪರಿಚಯಿಸಿಕೊಳ್ಳುವುದೂ ಉಂಟು. ಎಂಥ ಸಲಿಗೆ! 101ಕ್ಕೆ ಪಾಸ್‌ವರ್ಡೂ 101 ಆಗಿದ್ದರೆ ಅಲ್ಲಿಗೆ ಮುಗಿಯಿತು. ಆಫೀಸು ಖಾಲಿಯಿರುವ ವಾರಾಂತ್ಯದಲ್ಲಿ, ನಿಮಿಷಕ್ಕೆ ದುಬಾರಿ ದರವಿರುವ ವಿದೇಶಿ ನಂಬರುಗಳಿಗೆ ಒಟ್ಟಿಗೇ ಹತ್ತಾರು ಕರೆ ಹೋಗುತ್ತವೆ. ಆ ನಂಬರುಗಳ ಗಳಿಕೆಯಲ್ಲಿ ಕಳ್ಳರಿಗೆ ಪಾಲು.

ಹಾಗಾಗಿ ದುಬಾರಿ ಉಪಕರಣ ಕೊಳ್ಳುವ ಮೊದಲು ಐಎಸ್‌ಡಿ ಬಂದ್ ಮಾಡಿ. ವಿದೇಶದ ವ್ಯವಹಾರವಿದ್ದರೆ ಬೇಕಾದ ದೇಶಗಳಿಗಷ್ಟೇ ಬಿಡಿ. ಏಕಕಾಲಕ್ಕೆ ಎಷ್ಟು ಕರೆ, ದಿನಕ್ಕೆ ಎಷ್ಟು ಖರ್ಚು ಎಂಬುದಕ್ಕೆ ಸೇವೆ ಕೊಡುವ ಕಂಪನಿಯಲ್ಲೇ ಮಿತಿ ಹಾಕಿಸಿ. ಪಾಸ್‌ವರ್ಡ್ ಕಳುವಾದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ಆಮೇಲೆ ಫೈರ್‌ವಾಲ್. ಎಸ್‌ಐಪಿ ಪೋರ್ಟಿಗೆ ಆ ಕಂಪನಿಯ ಐಪಿ ವಿಳಾಸಗಳಿಗಷ್ಟೇ ಪ್ರವೇಶ ಕೊಡಿ. ಮನೆಯಿಂದ ಕೆಲಸ ಮಾಡುವವರು ವಿಪಿಎನ್ ಮೂಲಕ ಬರಲಿ. ಪೋರ್ಟ್ ಸಂಖ್ಯೆ ಬದಲಿಸಿದರೆ ಲಾಗಿನ ಗದ್ದಲ ತಗ್ಗುತ್ತದೆ, ಭದ್ರತೆಯೇನೂ ಹೆಚ್ಚುವುದಿಲ್ಲ. ಎಕ್ಸ್‌ಟೆನ್ಷನ್‌ಗೊಂದು ಉದ್ದನೆಯ ಪಾಸ್‌ವರ್ಡ್, ಪದೇಪದೇ ತಪ್ಪುವ ವಿಳಾಸವನ್ನು ತಡೆಯಲು ಫೇಲ್‌ಟುಬ್ಯಾನ್. ಮೇಜಿನ ಮೇಲಿನ ಫೋನಿಗೂ ಒಂದು ವೆಬ್ ಪುಟವಿರುತ್ತದೆ. ಅದರ ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಉಳಿದಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಕದ್ದು ಕೇಳುವ ಭಯವೂ ಸುಳ್ಳಲ್ಲ. ಗೂಢಲಿಪಿ ಇಲ್ಲದ ಧ್ವನಿಯ ಪ್ಯಾಕೆಟ್‌ಗಳು ಕೈಗೆ ಸಿಕ್ಕರೆ, ಉಚಿತವಾಗಿ ಸಿಗುವ ವೈರ್‌ಶಾರ್ಕ್ ಅವನ್ನು ಜೋಡಿಸಿ ಮಾತನ್ನೇ ಕೇಳಿಸುತ್ತದೆ. ಧ್ವನಿಗೆ ಎಸ್‌ಆರ್‌ಟಿಪಿ, ಕರೆ ಜೋಡಿಸುವ ಸಂದೇಶಗಳಿಗೆ ಟಿಎಲ್‌ಎಸ್, ಎರಡೂ ಬೇಕು. ಧ್ವನಿಯ ಬೀಗದ ಕೀಲಿ ಹಲವು ಕಡೆ ಆ ಸಂದೇಶದೊಳಗೇ ಸಾಗುವುದರಿಂದ, ಟಿಎಲ್‌ಎಸ್ ಇಲ್ಲದಿದ್ದರೆ ಕೀಲಿಯೂ ಬಯಲು. ಇಷ್ಟಾದರೂ ಕರೆ ಮಾಮೂಲಿ ಫೋನ್ ಜಾಲಕ್ಕೆ ದಾಟಿದ ಮೇಲೆ ಈ ರಕ್ಷಣೆ ಇರುವುದಿಲ್ಲ.